ತಪ್ಪಿಲ್ಲದ ವಿಚ್ಛೇದನದಲ್ಲಿ ಒಪ್ಪಿಕೊಂಡ ತಪ್ಪು

1981ರಲ್ಲಿ ನಾನು ಯಶವಂತಪುರದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ವಕೀಲಿ ಮಾಡುತ್ತಿದ್ದೆ. ಸನ್ನದು ಸಿಕ್ಕಿ ಏಳು ವರ್ಷವಾಗಿತ್ತು. ಕೆಂಪಾಪುರದ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ದಾಟಿರಲಿಲ್ಲ. ಬೋರ್ಡಿನ ಮೇಲೆ ಬಿ.ಎ., ಎಲ್‌ಎಲ್.ಬಿ. ಎಂಬುದನ್ನು ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರೆಸಿದ್ದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ.

ಆ ವರ್ಷ ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಬಂದು ಬೆಂಚಿನ ಎರಡು ತುದಿಯಲ್ಲಿ ಕೂತರು. ಹೆಸರುಗಳನ್ನು ಬದಲಿಸಿ ಹೇಳುತ್ತೇನೆ. ಗೋವಿಂದರಾಜು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಕ್ವಾರ್ಟರ್ಸ್‌ನಲ್ಲಿ ವಾಸ. ರತ್ನಮ್ಮ ಯಲಹಂಕದ ಪಕ್ಕದ ಹಳ್ಳಿಯವರು. ತವರಿಗೆ ಹಿಂತಿರುಗಿ ವರ್ಷ ದಾಟಿತ್ತು, ಯಲಹಂಕದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು.

"ಬೇರೆ ಲಾಯರ್ ಹತ್ರ ಹೋಗಿದ್ವಿ ಸಾರ್. ಹೊಡ್ದ, ಕುಡ್ದ, ಇನ್ನೊಬ್ಳನ್ನ ಇಟ್ಕೊಂಡ, ಮೂರ್ರಲ್ಲಿ ಒಂದು ಹೇಳಿ ಅಂದ್ರು," ಎಂದರು ಗೋವಿಂದರಾಜು.

"ಮೂರೂ ಇಲ್ಲ," ಎಂದರು ರತ್ನಮ್ಮ.

"ಮತ್ತೆ ಏನಾಯ್ತಮ್ಮ?"

"ಏನೂ ಆಗ್ಲಿಲ್ಲ ಸಾರ್. ಆರು ವರ್ಷ ನಾನು ಊಟಕ್ಕಿಟ್ಟೆ, ಅವ್ರು ಉಂಡ್ರು. ನಮ್ಮನೇಲಿ ಮಾತಾಡ್ತಿದ್ದಿದ್ದು ರೇಡಿಯೋ ಒಂದೇ."

ಗೋವಿಂದರಾಜು ಹೌದೆಂದು ತಲೆ ಆಡಿಸಿದರು. ಇಬ್ಬರ ಮುಖದಲ್ಲೂ ಸಿಟ್ಟು ಇರಲಿಲ್ಲ, ದುಃಖವೂ ಇರಲಿಲ್ಲ. ರೈಲು ತಪ್ಪಿಹೋದ ಮೇಲೆ ಪ್ಲಾಟ್‌ಫಾರಂ ಮೇಲೆ ಕೂತವರ ಹಾಗೆ ಕೂತಿದ್ದರು.

ಅವರಿಗೆ ಹೇಳಿದ್ದನ್ನು ಓದುಗರಿಗೂ ಹೇಳುತ್ತೇನೆ. ಮೊದಲೆಲ್ಲ ವಿಚ್ಛೇದನ ಬೇಕಾದರೆ ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸಿ ಸಾಬೀತು ಮಾಡಬೇಕಿತ್ತು. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯಿದೆಗೆ 13-ಬಿ ಎಂಬ ಕಲಮು ಸೇರಿತು. ಒಂದು ವರ್ಷ ಬೇರೆ ಬಾಳಿದ ದಂಪತಿ, ಒಟ್ಟಿಗೆ ಬಾಳಲು ಆಗುತ್ತಿಲ್ಲ ಎಂದು ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬಹುದು. ಕಡಿಮೆಯೆಂದರೆ ಆರು ತಿಂಗಳು ಬಿಟ್ಟು ಮತ್ತೆ ಇಬ್ಬರೂ ಬಂದು ಅದೇ ಮಾತು ಹೇಳಬೇಕು. ಯಾರದು ತಪ್ಪು ಎಂದು ನ್ಯಾಯಾಲಯ ಕೇಳುವುದಿಲ್ಲ. ಅದು ನೋಡುವುದು ಒಪ್ಪಿಗೆ ನಿಜವೋ, ಬಲವಂತದ್ದೋ ಎಂಬುದನ್ನು.

"ಹಂಗಾದ್ರೆ ಇಬ್ರ ಹೆಸರೂ ಕೆಡಲ್ವಾ?" ಎಂದರು ರತ್ನಮ್ಮ.

"ಕೆಡಲ್ಲ," ಎಂದೆ. ಅರ್ಜಿ ಹಾಕಿದೆವು.

ಆರು ತಿಂಗಳ ನಡುವೆ ರತ್ನಮ್ಮನ ದೊಡ್ಡಪ್ಪ ನನ್ನ ಕೋಣೆಗೆ ಬಂದರು. ತಂದೆಯಿಲ್ಲದ ಮನೆಯ ಹಿರಿಯ. ನನ್ನ ತಂದೆಯನ್ನು ಬಲ್ಲವರು.

"ನೀನು ಓದ್ದೋನು, ನಂಗೊಂದು ಏಳಪ್ಪ. ತಪ್ಪೇ ಇಲ್ದೆ ಎಂಗೆ ಬಿಡುಗಡೆ? ಚಿಕ್ಕೋಳ್ನ ನೋಡಕ್ಕೆ ಬಂದೋರು ಕೇಳ್ತಾವ್ರೆ, ಅಕ್ಕ ಯಾಕ್ ವಾಪಸ್ ಬಂದ್ಲು ಅಂತ. ಏನಂತ ಏಳ್ಲಿ?"

"ಹೊಂದಾಣಿಕೆ ಆಗ್ಲಿಲ್ಲ ಅನ್ನಿ ದೊಡ್ಡಪ್ಪ."

"ಅದನ್ನ ಯಾರಪ್ಪ ನಂಬ್ತಾರೆ? ನಿಮ್ಮಪ್ಪನ್ನ ಕೇಳು, ಅವನಾದ್ರೂ ನಂಬ್ತಾನಾ?"

ಕಾನೂನನ್ನು ಇನ್ನೊಮ್ಮೆ ವಿವರಿಸಿದೆ. ಅವರು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ನಮ್ಮ ಕಡೆಯ ಹಳ್ಳಿಗಳಲ್ಲಿ ಜೋಡಿ ಬೇರೆಯಾಗುವ ಮೊದಲು ಹಿರಿಯರು ಪಂಚಾಯಿತಿ ಕೂರಿಸುತ್ತಿದ್ದರು. ಇಬ್ಬರಲ್ಲಿ ಒಬ್ಬರು ತಪ್ಪೊಪ್ಪಿ ಎಲ್ಲರ ಮುಂದೆ ಅಡ್ಡಬೀಳಬೇಕು. ಅಲ್ಲಿಗೆ ಇನ್ನೊಂದು ಕಡೆಯವರು ಶುದ್ಧ. ಕೋರ್ಟಿನ ಅರ್ಜಿಯಲ್ಲಿ ತಪ್ಪೇ ಕಾಣದ ದೊಡ್ಡಪ್ಪ ಆ ಕೊರತೆಯನ್ನು ತಾವೇ ತುಂಬಲು ಪಂಚಾಯಿತಿ ಕೂರಿಸಿದ್ದರು. ಗೋವಿಂದರಾಜು ಅಡ್ಡಬಿದ್ದಿದ್ದರು. ಇದು ನನಗೆ ಗೊತ್ತಾದದ್ದು ಕೋರ್ಟಿನೊಳಗೆ, ಎರಡನೆಯ ವಿಚಾರಣೆಯ ದಿನ.

ಇಂಥ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ದೊಡ್ಡಪ್ಪ ಹೊರಗೆ ಕಾರಿಡಾರಿನಲ್ಲಿ ಉಳಿದರು. ನ್ಯಾಯಾಧೀಶರು ಕೇಳಿದರು: "ಇದು ನಿಮ್ಮ ಸ್ವಂತ ಒಪ್ಪಿಗೆಯೇ?"

"ಹೌದು ಸ್ವಾಮಿ," ಎಂದರು ಗೋವಿಂದರಾಜು. ಅಷ್ಟಕ್ಕೆ ನಿಲ್ಲಿಸಲಿಲ್ಲ. "ತಪ್ಪೆಲ್ಲ ನಂದೇ ಸ್ವಾಮಿ. ನಾನು ಹೊಡೀತಿದ್ದೆ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಹಾಗಿದ್ದರೆ ಈಕೆ ಹೆದರಿ ಸಹಿ ಹಾಕಿರಬಹುದು. ಅದನ್ನು ಒಪ್ಪಿಗೆ ಅನ್ನಲು ಆಗುವುದಿಲ್ಲ."

ಅರ್ಜಿ ಅಲ್ಲೇ ಬಿದ್ದುಹೋಗುವುದರಲ್ಲಿತ್ತು. ಬಿದ್ದರೆ ಮತ್ತೆ ತಪ್ಪು, ಸಾಕ್ಷಿ, ವರ್ಷಗಟ್ಟಲೆ ಅಲೆದಾಟ. ಗೋವಿಂದರಾಜು ನನ್ನ ಮುಖ ನೋಡಿದರು. ಸಹಾಯ ಮಾಡಲು ಹೋಗಿ ಏನೋ ಒಡೆದುಹಾಕಿದವರ ನೋಟ ಅದು.

"ನೀವು ಹೇಳಿ ಅಮ್ಮ," ಎಂದರು ನ್ಯಾಯಾಧೀಶರು.

"ಸುಳ್ಳು ಸ್ವಾಮಿ," ಎಂದರು ರತ್ನಮ್ಮ. "ಒಂದಿನಾನೂ ನನ್ ಮೇಲೆ ಕೈಯೆತ್ತಿಲ್ಲ. ಊರಲ್ಲಿ ಹಿರೀರು ಕೂತು ಹೇಳ್ಸಿರೋದು."

"ಹೌದೇನಪ್ಪ?"

"ಅವಳ ತಂಗಿ ಮದ್ವೆ ನಿಲ್ಬಾರ್ದು ಅಂತ ಒಪ್ಕೊಂಡೆ ಸ್ವಾಮಿ. ಇಲ್ಲೂ ಹೇಳ್ಬೇಕೇನೋ ಅನ್ಕೊಂಡೆ."

ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು. ಮತ್ತೆ ಒಬ್ಬೊಬ್ಬರನ್ನೇ ಪ್ರಶ್ನಿಸಿ, ಹೇಳಿಕೆ ಬರೆಸಿಕೊಂಡು ವಿಚ್ಛೇದನ ಮಂಜೂರು ಮಾಡಿದರು. ಯಾರೂ ಅಳಲಿಲ್ಲ. ರತ್ನಮ್ಮ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕತೊಡಗಿದರು. ಅವು ಅವರ ಕಾಲಲ್ಲೇ ಇದ್ದವು.

ಬಾಗಿಲ ಹೊರಗೆ ದೊಡ್ಡಪ್ಪ ಕಾದಿದ್ದರು. "ಒಳ್ಗೂ ಒಪ್ಕೊಂಡ್ಯೇನಪ್ಪ?"

"ಒಪ್ಕೊಂಡೆ."

ರತ್ನಮ್ಮ ಬಾಯಿ ತೆರೆದರು. ಗೋವಿಂದರಾಜು ಬೇಡವೆಂದು ತಲೆಯಾಡಿಸಿದರು. ಮುಚ್ಚಿದ ಕೋಣೆಯ ಮಾತು ಹೊರಗೆ ಆಡುವ ಹಕ್ಕು ನನಗಿರಲಿಲ್ಲ. ದೊಡ್ಡಪ್ಪ ಆತನ ಬೆನ್ನು ತಟ್ಟಿ, "ಗಂಡ್ಸು ಕಣಪ್ಪ ನೀನು," ಎಂದರು. ಆ ಬೇಸಿಗೆಯಲ್ಲಿ ತಂಗಿಯ ಮದುವೆಯಾಯಿತು. ನಾನೂ ಹೋಗಿ ಉಂಡು ಬಂದೆ.

1984ರಲ್ಲಿ ಗೋವಿಂದರಾಜು ಮತ್ತೆ ಬಂದರು. ಗೊರಗುಂಟೆಪಾಳ್ಯದಲ್ಲಿ ಒಂದು ಸಂಬಂಧ ನೋಡಿದ್ದರಂತೆ. ಹೆಣ್ಣಿನವರು ರತ್ನಮ್ಮನ ಊರಿನಲ್ಲಿ ವಿಚಾರಿಸಿದಾಗ, ಹೆಂಡತಿಯನ್ನು ಹೊಡೆಯುತ್ತಿದ್ದವನು ಎಂದು ತಿಳಿದುಬಂದಿತ್ತು.

"ಕೋರ್ಟ್ ಆರ್ಡರ್ ತೋರಿಸ್ಬೋದಾ ಸಾರ್? ನಾನು ಹೊಡ್ದಿಲ್ಲ ಅಂತ ಅದ್ರಲ್ಲಿ ಇರುತ್ತಲ್ಲ?"

"ಇರಲ್ಲ ಗೋವಿಂದರಾಜು. ಹೊಡ್ದ ಅಂತಲೂ ಇಲ್ಲ, ಹೊಡ್ದಿಲ್ಲ ಅಂತಲೂ ಇಲ್ಲ. ಇಬ್ರೂ ಒಪ್ಪಿದ್ದಾರೆ ಅಂತ ಇದೆ, ಅಷ್ಟೆ."

"ಸರಿ ಬಿಡಿ," ಎಂದು ಎದ್ದರು. ಅವರ ಅನುಮತಿ ಕೇಳಿ ರತ್ನಮ್ಮನಿಗೆ ವಿಷಯ ತಿಳಿಸಿದೆ.

ತಿಂಗಳ ಮೇಲೆ ರತ್ನಮ್ಮ ಕೋಣೆಗೆ ಬಂದರು. ಅಂಗಡಿಯವರು ಕಳಿಸಿದ ಕಾಫಿ ಮುಟ್ಟಲಿಲ್ಲ.

"ನಾನೇ ಹೋಗಿದ್ದೆ ಸಾರ್, ಆ ಹುಡುಗಿ ಮನೇಗೆ. ಅವ್ರ ತಾಯಿ ಮುಂದೆ ಕೂತು ಹೇಳ್ದೆ, ಇವ್ರು ಹೊಡ್ಯೋರಲ್ಲ, ಒಂದು ಕೆಟ್ಟ ಮಾತೂ ಆಡೋರಲ್ಲ, ನನ್ನ ನಂಬಿ ಅಂತ."

"ನಂಬಿದ್ರಾ?"

"ನಂಬಿದ್ರು. ಆಮೇಲೆ ಕೇಳಿದ್ರು, ಅಷ್ಟು ಒಳ್ಳೆಯೋನಾದ್ರೆ ನೀನ್ಯಾಕಮ್ಮ ಬಿಟ್ಟೆ ಅಂತ."

"ಏನಂದ್ರಿ?"

"ಏನೂ ಹೊಳೀಲಿಲ್ಲ ಸಾರ್. ಎದ್ದು ಬಂದೆ."

ಆ ಸಂಬಂಧ ಆಗಲಿಲ್ಲ.

ಅದಾದ ಮೇಲೆ, ಒಪ್ಪಿಗೆಯ ವಿಚ್ಛೇದನ ಕೇಳಿ ಬಂದವರಿಗೆ ಕಲಮುಗಳನ್ನು ವಿವರಿಸುವ ಮೊದಲು ನಾನು ಒಂದು ಮಾತು ಹೇಳುತ್ತಿದ್ದೆ. ಯಾಕೆ ಬಿಟ್ಟಿರಿ ಎಂದು ನ್ಯಾಯಾಧೀಶರು ಕೇಳುವುದಿಲ್ಲ, ಉಳಿದವರೆಲ್ಲ ಕೇಳುತ್ತಾರೆ, ಇಬ್ಬರೂ ನಾಚದೆ ಹೇಳಬಹುದಾದ ಒಂದು ಉತ್ತರವನ್ನು ಇಲ್ಲೇ ಕೂತು ಮಾತಾಡಿಕೊಳ್ಳಿ ಎನ್ನುತ್ತಿದ್ದೆ. ಹಾಗೆಂದು ಬಾಗಿಲು ಮುಂದೆ ಮಾಡಿ ಕೆಳಗಿಳಿದು ಹೋಗುತ್ತಿದ್ದೆ. ಅಂಗಡಿಯಲ್ಲಿ ಕೂತು ಪೇಪರು ಪೂರ್ತಿ ಓದುತ್ತಿದ್ದೆ. ಅಷ್ಟರಲ್ಲಿ ಮೇಲೆ ಇಬ್ಬರಲ್ಲಿ ಯಾರೋ ಒಬ್ಬರು ಮಾತು ಶುರುಮಾಡಿದ್ದು ಕೇಳಿಸುತ್ತಿತ್ತು. ಎಷ್ಟೋ ಜೋಡಿಗಳಿಗೆ ವರ್ಷಗಳ ಮೇಲೆ ಅದೇ ಮೊದಲ ಮಾತುಕತೆ.