ಕಂಬಳಿಯ ಮೇಲಿನ ಮೊಕದ್ದಮೆ

ನಿಲಕ್ಕೋಟ್ಟೈಯಲ್ಲಿ ಅಪ್ಪನ ತೋಟದ ಮಲ್ಲಿಗೆ ಬಿಡಿಸುತ್ತಲೇ ಕಾನೂನು ಓದಿದವಳು ಗೋಮತಿ. ಕಂಬಂ ಊರಿಗೆ ಸೊಸೆಯಾಗಿ ಬಂದ ಮೇಲೆ ಕರಿ ಕೋಟು ಪೆಟ್ಟಿಗೆ ಸೇರಿತು, ಮಗ ಗೋಕುಲ್ ಮಡಿಲು ಸೇರಿದ. ವಾದ ಮಾಡುವ ಚಟ ಮಾತ್ರ ನಾಲಿಗೆ ಬಿಟ್ಟು ಇಳಿಯಲಿಲ್ಲ. ಅದನ್ನು ಗಂಡನೊಬ್ಬನ ಮೇಲೇ ತೀರಿಸಿಕೊಂಡರೆ ಪಾಪ ಬಂದೀತೆಂದು, ಶನಿವಾರ ಶನಿವಾರ ಕುಲದ ಮಂಟಪದಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಪಾಠ ಹೇಳತೊಡಗಿದಳು. ಮಂಟಪದ ಚಾವಿ ಕುಲದ ಹಿರಿಯ ಪೆರಿಯಣ್ಣನ್ ಸೊಂಟದಲ್ಲಿರುತ್ತಿತ್ತು.

ಪರೀಕ್ಷೆಗೆ ಮೂರೇ ವಾರ. ಮಸೂದೆ, ತಿದ್ದುಪಡಿ ಎನ್ನುತ್ತಿದ್ದಂತೆ ಮಕ್ಕಳು ಸಾಲಾಗಿ ಆಕಳಿಸಿದರು. ಗೋಮತಿ ಅಟ್ಟದಿಂದ ಪಂಚಾಯ್ತಿಯ ಕರಿ ಕಂಬಳಿ ಇಳಿಸಿ ಹಾಸಿದಳು, ನಡುವೆ ನೀರಿನ ತಂಬಿಗೆ ಇಟ್ಟಳು. ಆ ಕಂಬಳಿ ಹಾಸದೆ ಕುಲದಲ್ಲಿ ಯಾವ ತೀರ್ಪೂ ನಿಲ್ಲದು.

"ಇದೇ ನಿಮ್ಮ ಸಟ್ಟಸಭೆ, ಪುಸ್ತಕದಲ್ಲಿ ಶಾಸನಸಭೆ ಅಂತಾರಲ್ಲ, ಅದು. ಕೂತ್ಕೊಂಡು ಒಂದು ಕಾನೂನು ಮಾಡಿ."

ಮಕ್ಕಳಿಗಿಂತ ಮೊದಲು ಹತ್ತು ತಿಂಗಳ ಗೋಕುಲ್ ಅಂಬೆಗಾಲಿಟ್ಟು ಸಭೆ ಸೇರಿದ. ತಂಬಿಗೆ ಹಿಡಿದು ಕೂತ. ಉಚ್ಚೆ ಹೊಯ್ದ.

ಅದೇ ಗಳಿಗೆಗೆ ಪೆರಿಯಣ್ಣನ್ ಬಾಗಿಲಲ್ಲಿ ನಿಂತಿದ್ದರು.

"ಏನಮ್ಮಾ ಇದು ಅಕ್ಕಿರಮ! ಕಂಬಳಿ ಕೆಡಿಸಿದವನು ಕುಲಕ್ಕೆಲ್ಲ ಊಟ ಹಾಕ್ಬೇಕು. ಹಾಕೋವರೆಗೂ ಅವನೂ ಅವನ ಮನೆಯವರೂ ಮಂಟಪ ಹತ್ತೋ ಹಾಗಿಲ್ಲ. ಹಿರೀಕರು ಮಾಡಿದ ಸಟ್ಟ, ಕಾನೂನು ಅಂದ್ರೆ ಕಾನೂನು. ಎದ್ದೇಳಿ ಎಲ್ರೂ, ಬೀಗ ಹಾಕ್ತೀನಿ."

ಗೋಮತಿ ಮನಸ್ಸಲ್ಲೇ ಲೆಕ್ಕ ಹಾಕಿದಳು. ಮುನ್ನೂರು ಮನೆಗೆ ಊಟ! ಮಕ್ಕಳ ಪಾಠ ಇಲ್ಲಿಗೇ ಮುಗಿಯಿತು. ಆದರೂ ಒದ್ದೆ ಮಗುವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ತಾತಾ, ಆ ಸಟ್ಟ ಮಕ್ಕಳಿಗೂ ಬರ್ತದಾ?"

"ಕೆಡಿಸಿದರೆ ಕೆಡಿಸಿದ್ದೇ. ಮೀಸೆ ಐತಾ ಇಲ್ವಾ ಅಂತ ಹಿರೀಕರು ಕೇಳಿಲ್ಲ."

ಕಂಬಕ್ಕೊರಗಿ ಎಲೆಯಡಿಕೆ ಮೆಲ್ಲುತ್ತಿದ್ದ ರಂಗಮ್ಮಾಳ್ ಬಾಯಿ ಖಾಲಿ ಮಾಡಿಕೊಂಡಳು. ಗೋಮತಿಯ ಗಂಡನ ಅಜ್ಜಿ ಅವಳು, ಪೆರಿಯಣ್ಣನ್‌ಗೆ ಒಡಹುಟ್ಟಿದ ಅಕ್ಕ.

"ಲೇ ತಂಬೀ, ಅಪ್ಪನ ತೊಡೆ ಮೇಲೆ ಕೂತು ಇದೇ ಕಂಬಳಿ ಮೇಲೆ ನೀನೂ ಹೊಯ್ದಿದ್ದೆ. ಒಗೆದೋಳು ನಮ್ಮವ್ವ, ನೀರು ಸೇದಿದೋಳು ನಾನು. ಅಪ್ಪ ಯಾರಿಗೂ ಒಂದು ತುತ್ತು ಹಾಕ್ಲಿಲ್ಲ."

ಸುಗನ್ಯಾ ಎಂಬ ಹುಡುಗಿ ಪಾಠದಲ್ಲಿ ಪ್ರಶ್ನೆ ಕೇಳುವಂತೆ ಕೈಯೆತ್ತಿದಳು. "ಟೀಚರ್, ಹಂಗಾದ್ರೆ ತಾತನೂ ಎಪ್ಪತ್ತು ವರ್ಷದಿಂದ ಮಂಟಪ ಹತ್ತೋ ಹಾಗಿರಲಿಲ್ಲ ಅಲ್ವಾ?"

ಪೆರಿಯಣ್ಣನ್ ತಮ್ಮ ಕಾಲಡಿಯ ನೆಲ ನೋಡಿಕೊಂಡರು. ಒಂದು ಕಾಲನ್ನು ಹೊಸಿಲಾಚೆ ಇಟ್ಟು, ಮತ್ತೆ ಒಳಗೆ ತಂದರು.

"ಆ ಸಟ್ಟ ಯಾಕೆ ಮಾಡಿದ್ದು ತಾತಾ?" ಗೋಮತಿ ಮೆಲ್ಲಗೆ ಕೇಳಿದಳು.

"ಸಾರಾಯಿ ಕುಡಿದು ಬಂದು ಪಂಚಾಯ್ತಿಲಿ ಉರುಳಾಡ್ತಿದ್ರು, ಅದಕ್ಕೆ." ಗೋಕುಲ್ ಕಡೆ ನೋಡಿದರು. "ಹಾಲು ಕುಡಿದೋರಿಗಲ್ಲ ಬಿಡು."

"ಬರ್ಕೊಳ್ರೋ!" ಗೋಮತಿ ಮಕ್ಕಳತ್ತ ತಿರುಗಿದಳು. "ಕಾನೂನಿನ ಮಾತು ಮಾತ್ರ ಓದಬಾರದು, ಅದು ಯಾತಕ್ಕೆ ಹುಟ್ಟಿತು ಅಂತಲೂ ನೋಡಬೇಕು. ಹತ್ತು ಅಂಕ."

ಕಂಬಳಿಯನ್ನು ಬಾವಿಕಟ್ಟೆಯಲ್ಲಿ ಒಗೆದಾಗ ಹಿಂಡಲು ಗೋಮತಿಯೊಬ್ಬಳ ಕೈ ಸಾಲಲಿಲ್ಲ. ಇನ್ನೊಂದು ತುದಿ ಹಿಡಿದವರು ಪೆರಿಯಣ್ಣನ್. ಪಂಚೆ ಒದ್ದೆಯಾಗದಿರಲೆಂದು ಮೇಲೆ ಕಟ್ಟುವಾಗ, ಸೊಂಟದ ಚಾವಿಯನ್ನು ಬಿಚ್ಚಿ ಸುಗನ್ಯಾಳ ಕೈಗೆ ಕೊಟ್ಟರು.

"ಪರೀಕ್ಷೆ ಮುಗಿಯೋವರೆಗೂ ನೀನೇ ಇಟ್ಕೋ ಕಣ್ಣೂ. ನಿನ್ನ ಜತೆ ವಾದ ಮಾಡೋಕೆ ನನ್ನ ಕೈಲಾಗಲ್ಲ."