ಹತ್ತು ಸಾವಿರದ ಒಂದು

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗ ನಾನು ಮಡಿಕೇರಿಯಲ್ಲಿ ಉಪಾಧ್ಯಾಯ ತರಬೇತಿಗೆ ಸೇರಿದ್ದೆ. ನನ್ನ ಕೋಣೆಯ ಜೊತೆಗಾರ ಕುಶಾಲನಗರದ ಕಡೆಯವನು. ಹಾಸನದಿಂದ ಬಂದು ನೆಲೆಸಿದ ರೈತರ ಮಗ. ಹಿಂದಿನ ವರ್ಷ ಮಾದರಿ ಪಾಠದಲ್ಲಿ ಫೇಲಾಗಿದ್ದ. ಈ ಸಲವೂ ಆದರೆ ಮೇಷ್ಟರಾಗುವ ಆಸೆ ಬಿಡಬೇಕಿತ್ತು.

ಶಾಲೆಯ ಮಕ್ಕಳಿಗೆ ಅವನು ಪಾಠ ಮಾಡಿ ತೋರಿಸಬೇಕಿದ್ದ ದಿನ ಪರೀಕ್ಷಕರು ಕಿಟಕಿಯ ಪಕ್ಕ ಕೂತಿದ್ದರು. ನಾನು ಹಿಂದಿನ ಬೆಂಚಿನಲ್ಲಿ. ಸಹಪಾಠಿಯ ಪಾಠದ ಗುಣದೋಷಗಳನ್ನು ಬರೆದು ಕೊನೆಗೆ ಎಲ್ಲರೆದುರು ಓದುವುದು ನನ್ನ ಕೆಲಸ. ಅದಕ್ಕೂ ಅಂಕವಿತ್ತು.

ಅವನು ಬೋರ್ಡಿನ ಮೇಲೆ 10001 ಎಂದು ಬರೆದ. ಮಕ್ಕಳು ಎರಡು, ಮೂರು, ಐದು, ಏಳು ಎಂದು ಭಾಗಿಸುತ್ತ ಇಪ್ಪತ್ತೊಂಬತ್ತರವರೆಗೆ ಬಂದರು. ಪ್ರತಿ ಸಲವೂ ಶೇಷ ಉಳಿಯಿತು.

"ನೋಡಿದ್ರಾ? ಯಾವುದರಿಂದಲೂ ಭಾಗ ಹೋಗಲ್ಲ. ಇದು ಅವಿಭಾಜ್ಯ ಸಂಖ್ಯೆ."

"ಮೂವತ್ತಾದ ಮೇಲೆ ನೋಡೋದು ಬೇಡ್ವಾ ಸಾರ್?" ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಮೂವತ್ತರ ಮೇಲೆ ಮಗ್ಗಿ ಎಲ್ಲೈತಮ್ಮ? ನಿಮ್ಮಜ್ಜಿ ಹೇಳ್ಕೊಟ್ಟವ್ರಾ?"

ತರಗತಿ ನಕ್ಕಿತು. ಪರೀಕ್ಷಕರೂ ನಕ್ಕು, ಹಾಳೆಯಲ್ಲಿ ಅಂಕ ಬರೆದರು.

ನಾವೆಲ್ಲ ಮೂವತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿ ಬೆಳೆದವರು. ಅಲ್ಲಿಗೆ ಭಾಗಿಸಿ ನೋಡುವುದು ಮುಗಿಯಿತೆಂದು ನಾನೂ ನಂಬಿದ್ದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪುಸ್ತಕದ ಅಂಚಿನಲ್ಲಿ ಭಾಗಿಸತೊಡಗಿದೆ. ಮೂವತ್ತೊಂದು, ಮೂವತ್ತೇಳು, ನಲವತ್ತೊಂದು. ಗಂಟೆ ಹೊಡೆಯಲು ಐದು ನಿಮಿಷವಿದ್ದಾಗ ಎಪ್ಪತ್ತಮೂರಕ್ಕೆ ಬಂದೆ. ಶೇಷ ಉಳಿಯಲಿಲ್ಲ. ಎಪ್ಪತ್ತಮೂರನ್ನು ನೂರ ಮೂವತ್ತೇಳರಿಂದ ಗುಣಿಸಿ ನೋಡಿದೆ; ಮತ್ತೊಮ್ಮೆ ಗುಣಿಸಿದೆ.

"ಓದಿ," ಎಂದರು ಪರೀಕ್ಷಕರು.

ಧ್ವನಿ ಸ್ಪಷ್ಟ, ಬೋರ್ಡಿನ ಬರಹ ಅಂದ ಎಂದು ಓದಿದೆ. ಬರೆದಿದ್ದರ ಕೊನೆಯ ಸಾಲಿಗೆ ಬಂದಾಗ ತಡೆದೆ. ಜೊತೆಗಾರ ನನ್ನನ್ನೇ ನೋಡುತ್ತಿದ್ದ.

"ಈ ಸಂಖ್ಯೆ ಎಪ್ಪತ್ತಮೂರರಿಂದ ಭಾಗವಾಗುತ್ತದೆ."

ಪರೀಕ್ಷಕರು ತಮ್ಮ ಹಾಳೆಯ ಮೂಲೆಯಲ್ಲಿ ಭಾಗಿಸಿ ನೋಡಿದರು. ತಲೆಯೆತ್ತಿ ಜೊತೆಗಾರನತ್ತ ನೋಡಿದಾಗ ಮುಖದಲ್ಲಿ ನಗು ಇರಲಿಲ್ಲ.

"ಎಲ್ಲೀವರೆಗೆ ನೋಡ್ಬೇಕಿತ್ತು? ಹೇಳಿ."

ಅವನು ಬೋರ್ಡಿಗೆ ಮುಖ ಮಾಡಿ ನಿಂತ. ಮೂಲೆಯಲ್ಲಿ ಏನೋ ಗುಣಿಸಿ ನೋಡಿದ.

"ನೂರರವರೆಗೆ ಸಾರ್," ಎಂದ. "ನೂರ ಒಂದನ್ನ ನೂರ ಒಂದರಿಂದ ಗುಣಿಸಿದ್ರೇ ಇದನ್ನ ದಾಟಿಹೋಯ್ತದೆ. ಗುಣಿಸೋ ಎರಡೂ ಸಂಖ್ಯೆ ನೂರರ ಮೇಲಿರಕ್ಕಾಗಲ್ಲ. ಒಂದಾದ್ರೂ ನೂರರೊಳಗೇ ಸಿಗ್ಬೇಕು."

ಆಮೇಲೆ ಹುಡುಗಿಯ ಕಡೆ ತಿರುಗಿದ. "ನೀ ಕೇಳಿದ್ದು ಸರಿ ಕಣಮ್ಮ. ನಾ ಹೇಳಿದ್ದೇ ತಪ್ಪು."

ಪರೀಕ್ಷಕರು ಮೊದಲಿನ ಅಂಕ ಹೊಡೆದುಹಾಕಿ ಬೇರೆ ಬರೆದರು. ನಮಗೆ ಕಾಣಲಿಲ್ಲ.

ಹೊರಗೆ ಬಂದಮೇಲೆ ಅವನು ಕೇಳಿದ: "ಒಂದು ಸನ್ನೆ ಮಾಡಕ್ಕಾಗ್ಲಿಲ್ವೇನ್ಲಾ?"

"ಗೊತ್ತಾಗಿದ್ದೇ ಕೊನೇಲಿ."

"ಓದ್ದೆ ಬಿಡ್ಬೋದಿತ್ತು."

ತಪ್ಪು ಮಕ್ಕಳ ತಲೆಯಲ್ಲಿ ಉಳಿಯಬಾರದೆಂದು ಓದಿದ್ದು ನಿಜ. ಆ ಸಾಲಿಗೆ ನನಗೆ ಒಳ್ಳೆಯ ಅಂಕ ಸಿಗುತ್ತದೆಂಬುದೂ ಓದುವಾಗ ತಲೆಯಲ್ಲಿತ್ತು.

ಹದಿನೈದು ದಿನ ಒಂದೇ ಕೋಣೆಯಲ್ಲಿ ಹೆಚ್ಚು ಮಾತಿಲ್ಲದೆ ಕಳೆದೆವು. ಕೊನೆಗೆ ಪಟ್ಟಿ ಬಂತು. ಅವನು ಪಾಸಾಗಿದ್ದ, ಬೇಕಾದಷ್ಟೇ ಅಂಕದಲ್ಲಿ. ತನ್ನ ಹೆಸರಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿದ. ಟ್ರಂಕು ಹೊತ್ತು ಮಧ್ಯಾಹ್ನದ ಬಸ್ಸಿಗೆ ಹೊರಟ. ಬಸ್ಸಿನವರೆಗೆ ಬಾ ಎಂದು ನನ್ನನ್ನು ಕರೆಯಲಿಲ್ಲ.