ಮುನಿಯಪ್ಪ ಅಳೆದ ಕೆನಡಾದ ಗಾಡಿ

ಮುನಿಯಪ್ಪ ಗಾಡಿಯ ಮೈಗೆ ಮೂಗು ತಾಗಿಸಿ ನಿಂತಿದ್ದ. ಅದು ಎರ್ನಾಕುಳಂ ಪಕ್ಕದ ಮಟ್ಟಾಂಚೇರಿಯ ಹಳೆಯ ಶುಂಠಿ ಗೋದಾಮಿನ ಅಂಗಳ. 1994ರ ಅಕ್ಟೋಬರ್ ತಿಂಗಳು. ಕೆಡವಿದ ಗೋದಾಮುಗಳ ತೇಗದ ತೊಲೆ ಅಗ್ಗಕ್ಕೆ ಸಿಗುತ್ತದೆಂದು ತಿರುವನಂತಪುರದಿಂದ ಬಂದವನು ತೊಲೆ ಮರೆತು ಇಲ್ಲಿ ಸಿಕ್ಕಿಬಿದ್ದಿದ್ದ. ಗಾಡಿಯ ಬಾನೆಟ್ಟು, ಮಡ್‌ಗಾರ್ಡು ತಗಡಿನವು. ಅಲ್ಲಿಂದ ಹಿಂದಕ್ಕೆ ಬಾಗಿಲು, ಕಿಟಕಿ ಚೌಕಟ್ಟು, ಹಿಂಬದಿಯ ಹಲಗೆ ಎಲ್ಲವೂ ಮರ. ಉಗುರಿನಿಂದ ಕೆರೆದ, ಮೂಸಿದ, ಬೆರಳು ನೆಕ್ಕಿ ನೋಡಿದ.

“ಇದ್ಯಾವ ಮರಾನಪ್ಪಾ...” ಎಂದು ಗೊಣಗಿದ.

“ಎಂತ ನೆಕ್ಕುದು ಮಾರಾಯ್ರೆ? ಅದು ಗಾಡಿ, ಬಿರಿಯಾನಿ ಅಲ್ಲ.”

ಮಟ್ಟಾಂಚೇರಿಯಲ್ಲಿ ಕನ್ನಡ ಕೇಳಿ ಮುನಿಯಪ್ಪ ಬೆಚ್ಚಿ ತಿರುಗಿದ. ಮಾತಾಡಿದವನು ಇಸ್ಮಾಯಿಲ್, ಉಳ್ಳಾಲದ ಬ್ಯಾರಿ. ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದು ಮೆಣಸಿನ ಸಾಹುಕಾರನೊಬ್ಬನ ಡ್ರೈವರ್ ಆದವನು, ಈಗ ಅರವತ್ತೈದು. ಸಾಹುಕಾರ ಸಾಯುವ ಮುಂಚೆ ಗಾಡಿಯನ್ನು ಅವನ ಹೆಸರಿಗೆ ಮಾಡಿಕೊಟ್ಟಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯವರು ಹರಾಜು ಹಾಕಿದ ಮಾಲು ಅದು, ಅಷ್ಟೇ ಅವನಿಗೆ ಗೊತ್ತು. ಮದುವೆಯ ದಿಬ್ಬಣ, ಬಸುರಿ ಹೆಂಗಸರು, ಶಾಲೆಯ ಮಕ್ಕಳು, ಕೇರಿಯ ಎಲ್ಲ ಭಾರ ಇಪ್ಪತ್ತಾರು ವರ್ಷ ಅದರಲ್ಲೇ ಸಾಗಿತ್ತು.

“ಈಗ ಅದಕ್ಕೇ ಕೊನೆ ಬಂದಿದೆ,” ಎಂದ ಇಸ್ಮಾಯಿಲ್. “ಗಾಡಿಯ ಹಳೇ ಆರ್‌ಸಿ ಪುಸ್ತಕ ಗೆದ್ದಲು ತಿಂದಿತು. ಸಾರಿಗೆ ಕಚೇರಿಯವರು ಕೇಳ್ತಾರೆ, ಇದು ಯಾವ ಕಂಪನಿ, ಯಾವ ದೇಶ, ಯಾವ ವರ್ಷ? ಮಾರ್ಚ್ ಮುಗಿಯುವುದರೊಳಗೆ ಪುರಾವೆ ಕೊಡದಿದ್ದರೆ ನಂಬರು ರದ್ದು. ರಸ್ತೆಗಿಳಿಯದ ಗಾಡಿ ನನಗೆ ಎಂತಕ್ಕೆ? ಕೋಳಿಗೂಡು ಮಾಡ್ಲಿಕ್ಕಾ? ಗುಜರಿ ಇಬ್ರಾಹಿಂ ಈಗ್ಲೇ ದಿನಾ ಬಂದು ಸಲಾಂ ಹೇಳಿ ಹೋಗ್ತಾನೆ.”

ಮುನಿಯಪ್ಪನ ಹಿನ್ನೆಲೆ ಹೇಳದಿದ್ದರೆ ಅವನಿಗೆ ಹತ್ತಿದ ಹುಚ್ಚು ಅರ್ಥವಾಗದು. ಮಾಲೂರು ತಾಲೂಕಿನ ಹಳ್ಳಿಯವನು. ಊರ ಬಡಗಿಯ ಕೊಟ್ಟಿಗೆಯಲ್ಲಿ ಉದುರಿದ ಚಕ್ಕೆಯನ್ನು ಒಲೆಗೆ ಆಯ್ದುಕೊಳ್ಳಬಹುದಿತ್ತು, ಉಳಿ ಮುಟ್ಟುವಂತಿರಲಿಲ್ಲ. ಜಾತಿ ಅಂಥದು. ಮುಟ್ಟಲೇಬೇಕೆಂದು ಬೆಂಗಳೂರಿಗೆ ಹೋಗಿ ಐಟಿಐ ಸೇರಿ ಕಲಿತ. ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ಪ್ಯಾಟರ್ನ್ ಮೇಕರ್ ಆದ. ಅಂದರೆ, ಲೋಹ ಕರಗಿಸಿ ಎರಕ ಹೊಯ್ಯುವ ಮೊದಲು ಆ ತುಂಡಿನ ಆಕಾರವನ್ನು ಮರದಲ್ಲಿ ಕೆತ್ತಿಕೊಡುವವನು. ರಾಕೆಟ್ಟು ಹಾರಿದ ದಿನ ಪತ್ರಿಕೆಯ ಫೋಟೋದಲ್ಲಿ ದೊಡ್ಡವರು ನಿಲ್ಲುತ್ತಾರೆ. ಮರ ಕೆತ್ತಿದವರು ಕ್ಯಾಂಟೀನಿನಲ್ಲಿ ಆ ಪತ್ರಿಕೆ ಓದುತ್ತಾರೆ. ಮುನಿಯಪ್ಪನಿಗೆ ಅದರ ಬಗ್ಗೆ ದೂರೂ ಇರಲಿಲ್ಲ, ಭ್ರಮೆಯೂ ಇರಲಿಲ್ಲ. ಇದ್ದದ್ದು ಒಂದೇ ಹೆಮ್ಮೆ: ಕಣ್ಣು ಕಟ್ಟಿ ಕೈಗೆ ಕೊಟ್ಟರೂ ಮರದ ಹೆಸರು ಹೇಳುತ್ತೇನೆ ಎಂಬುದು. ಈ ಗಾಡಿ ಆ ಹೆಮ್ಮೆಗೆ ಕಲ್ಲು ಹಾಕಿತ್ತು. ಎರಡು ಬಾಗಿಲಿನ ಕೆಳಪಟ್ಟಿ ಮಾತ್ರ ದೋಣಿ ಕಟ್ಟುವವರು ರಿಪೇರಿಗೆ ಹಾಕಿದ ಹೆಬ್ಬಲಸು. ಉಳಿದದ್ದು ಬಿಳಿಚಿಕೊಂಡ, ಕಲ್ಲಿನಂತೆ ಗಟ್ಟಿಯಾದ, ಎಳೆಯೇ ಕಾಣದ ಮರ. ಅಂಥದ್ದನ್ನು ಅವನು ಮುಟ್ಟಿರಲೇ ಇಲ್ಲ.

ಒಂದು ಚಕ್ಕೆಯನ್ನು ಜೇಬಿಗೆ ಹಾಕಿಕೊಂಡು ತಿರುವನಂತಪುರಕ್ಕೆ, ಉಳ್ಳೂರಿನ ತನ್ನ ಮನೆಗೆ ಬಂದ. ಹೆಂಡತಿ ಚಂದ್ರಮ್ಮ ಅದನ್ನು ನೋಡಿ, “ತೊಲೆ ತರ್ತೀನಂತ ಹೋಗಿ ಹಲ್ಲು ಚುಚ್ಚೋ ಕಡ್ಡಿ ತಂದಿದೀಯಲ್ಲ!” ಎಂದಳು. “ನಮ್ಮನೆ ಬಚ್ಚಲ ಬಾಗ್ಲು ಉಬ್ಬಿ ಮೂರು ವರ್ಷ ಆಯ್ತು. ಅದ್ಯಾವ ಮರ ಅಂತ ಕೇಳೋರಿಲ್ಲ.”

ಕೇಂದ್ರದ ಲೈಬ್ರರಿಯಲ್ಲಿ ಮೈಸೂರಿನ ಹಂಸಾ ಕೆಲಸಕ್ಕಿದ್ದಳು. ಚಕ್ಕೆಯನ್ನು ಮುಂದಿಟ್ಟಾಗ ಅವಳಿಗೂ ಕುತೂಹಲ ಹತ್ತಿತು. ಮರಗಳ ಪುಸ್ತಕ ತೆಗೆದಳು. ವಾರದೊಳಗೆ ಹೆಸರು ಸಿಕ್ಕಿತು: ಮೇಪಲ್. ನಮ್ಮ ಕಡೆ ಬೆಳೆಯದ್ದು, ಕೆನಡಾದಲ್ಲಿ ಬೇಕಾದಷ್ಟು. ಹಳೆಯ ಮೋಟಾರು ಪತ್ರಿಕೆಯೊಂದರ ಕೊನೆಯ ಪುಟದಲ್ಲಿ ಕೆನಡಾದ ಹಳೆ ಗಾಡಿಗಳ ಸಂಘದ ವಿಳಾಸವೂ ಸಿಕ್ಕಿತು. ಮುನಿಯಪ್ಪ ಕನ್ನಡದಲ್ಲಿ ಹೇಳಿದ, ಹಂಸಾ ಇಂಗ್ಲಿಷಿನಲ್ಲಿ ಟೈಪು ಮಾಡಿದಳು, ಫೋಟೋಗಳೂ ಹೋದವು.

ಡಿಸೆಂಬರಿನಲ್ಲಿ ಉತ್ತರ ಬಂತು. ಬರೆದಾತ ಸಂಘದ ಕಾರ್ಯದರ್ಶಿ. ಯುದ್ಧದ ಕಾಲದಲ್ಲಿ ಕೆನಡಾದ ಫೋರ್ಡ್ ಕಾರ್ಖಾನೆಯಲ್ಲಿ ಸೇನೆಗಾಗಿ ಬಲಗಡೆ ಸ್ಟೇರಿಂಗಿನ, ಮರದ ಮೈಯ ಸ್ಟೇಷನ್ ವ್ಯಾಗನ್ ಕಟ್ಟಿದ್ದರಂತೆ. ಈಗ ಉಳಿದಿರುವುದು ತೀರಾ ಕಡಿಮೆ. ನಿಮ್ಮದು ಅದೇ ಇರಬಹುದು, ಚಾಸಿಯ ನಂಬರು ಕಳಿಸಿ. ತುಕ್ಕು ತಿಂದು ನಂಬರು ಅಳಿಸಿದ್ದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಅಳೆದು ಕಳಿಸಿ. ಆ ಅಳತೆ ಸುಳ್ಳು ಹೇಳುವುದಿಲ್ಲ.

ಕಡಲ ಗಾಳಿಗೆ ನಂಬರು ಎಂದೋ ಹೋಗಿತ್ತು. ಜನವರಿಯ ಒಂದು ಶನಿವಾರ ಮುನಿಯಪ್ಪ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತಿ, ಎರ್ನಾಕುಳಂನಿಂದ ದೋಣಿಯಲ್ಲಿ ಮಟ್ಟಾಂಚೇರಿಗೆ ಹೋದ. ಇಸ್ಮಾಯಿಲ್ ಟೇಪು ತಂದುಕೊಟ್ಟ.

“ಟೇಪು ಜೋತು ಬೀಳತ್ತೆ ಸಾಬ್ರೇ. ಅದು ದರ್ಜಿಗಳಿಗೆ,” ಎಂದು ಮುನಿಯಪ್ಪ ಚೀಲದಿಂದ ತನ್ನ ಎರಡಡಿಯ ಉಕ್ಕಿನ ಸ್ಕೇಲು ತೆಗೆದ. ಇಪ್ಪತ್ತೈದು ವರ್ಷ ಕೈಯಲ್ಲಿ ಸವೆದ ಸ್ಕೇಲು. ಚಕ್ರಗಳ ನಡುವಿನಿಂದ ತೂಕದ ಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಹಾಕಿ, ಗೆರೆ ಎಳೆದು, ಸ್ಕೇಲನ್ನು ತುದಿಗೆ ತುದಿ ಇಡುತ್ತ ಎರಡು ಸಲ ಅಳೆದ. ನೂರಾ ಹನ್ನೆರಡೂವರೆ ಇಂಚು. ಎರಡು ಸಲವೂ ಕೂದಲೆಳೆ ವ್ಯತ್ಯಾಸವಿಲ್ಲ.

ಫೆಬ್ರವರಿ ಕೊನೆಗೆ ಬಂದ ಉತ್ತರವನ್ನು ಹಂಸಾ ಎರಡು ಸಲ ಓದಿದಳು. ಸೇನೆಯ ವ್ಯಾಗನ್ನಿನ ಅಳತೆ ನೂರಾ ಹದಿನಾಲ್ಕು ಇಂಚು. ಅದಕ್ಕಿಂತ ಹಳೆಯ ಫೋರ್ಡುಗಳದ್ದು ನೂರಾ ಹನ್ನೆರಡು. ನಿಮ್ಮದು ಯಾರೋ ಹಳೆಯ ಚಾಸಿಯ ಮೇಲೆ ಬೇರೆ ಮೈ ಕೂರಿಸಿ ಜೋಡಿಸಿದ ಗಾಡಿ ಇರಬೇಕು, ಪ್ರಮಾಣಪತ್ರ ಕೊಡಲಾಗುವುದಿಲ್ಲ, ಕ್ಷಮಿಸಿ.

ಮುನಿಯಪ್ಪ ಇದನ್ನು ಅಂಚೆಯಲ್ಲಿ ಹೇಳಲಿಲ್ಲ, ತಾನೇ ಹೋಗಿ ಹೇಳಿದ.

“ಒಂದೂವರೆ ಇಂಚಿಗೆ ನನ್ನ ಗಾಡಿಯ ಹುಟ್ಟೇ ತಪ್ಪಾಯ್ತಾ?” ಎಂದ ಇಸ್ಮಾಯಿಲ್.

“ಅಳತೆ ಅಳತೇನೇ ಸಾಬ್ರೇ.”

“ಆಯ್ತು. ಹಾಗಾದ್ರೆ ಬರುವ ಸೋಮವಾರ ಇಬ್ರಾಹಿಂ ಬಂದು ತಕೊಂಡು ಹೋಗ್ಲಿ. ನೀವು ಬರುವ ಮೊದಲು ನನಗೆ ಆಸೆ ಇರಲಿಲ್ಲ ನೋಡಿ. ಇಲ್ಲದ ಆಸೆ ಹಚ್ಚಿದ್ದು ನೀವು.”

ಮುನಿಯಪ್ಪ ಚಹಾ ಕೂಡ ಕುಡಿಯದೆ ಹೊರಟ.

ಶುಕ್ರವಾರ ಊಟದ ಹೊತ್ತಿಗೆ ಎರಕದ ವಿಭಾಗದ ನಟರಾಜ ಅವನ ಮೇಜಿಗೆ ಬಂದ. ಭದ್ರಾವತಿಯವನು, ಬಾಯಿ ಜೋರು.

“ಏನ್ರೀ ಮುನಿಯಪ್ಪ, ಮುಖ ಕೆಟ್ಟ ಎರಕದ ಥರ ಗುಳಿ ಬಿದ್ದಿದೆ?”

ಮುನಿಯಪ್ಪ ಎಲ್ಲ ಹೇಳಿದ. ಅಳೆದ ಬಗೆ ಹೇಳುವಾಗ ಸ್ಕೇಲನ್ನೂ ತೋರಿಸಿದ. ನಟರಾಜ ಅದನ್ನು ನೋಡಿದ, ಅವನ ಮುಖ ನೋಡಿದ, ಆಮೇಲೆ ತುತ್ತು ನೆತ್ತಿಗೇರುವಷ್ಟು ನಕ್ಕ.

“ಇದ್ರಲ್ಲಾ? ಅಲ್ಯೂಮಿನಿಯಂ ಎರಕದ ಸ್ಕೇಲಲ್ಲಿ ಮೋಟಾರು ಅಳೆದ್ರಾ? ಗಾಡಿ ಏನು ಆರಿದ ಮೇಲೆ ಕುಗ್ಗುತ್ತೇನ್ರೀ?”

ಮುನಿಯಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಮರದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಪ್ರತಿ ಸಲ ಲೆಕ್ಕ ಹಾಕುವ ತಲೆನೋವು ಬೇಡವೆಂದು ಪ್ಯಾಟರ್ನ್ ಮೇಕರುಗಳ ಸ್ಕೇಲನ್ನೇ ಹಿಗ್ಗಿಸಿ ಮಾಡಿರುತ್ತಾರೆ. ಅದರ ಒಂದಡಿ ನಿಜವಾದ ಒಂದಡಿಗಿಂತ ತುಸು ಉದ್ದ. ಅದರಲ್ಲಿ ಅಳೆದರೆ ಯಾವುದೇ ವಸ್ತು ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ವ್ಯತ್ಯಾಸ ಅಡಿಗೆ ಇಂಚಿನ ಆರನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಒಂಬತ್ತೂವರೆ ಅಡಿಗೆ? ಮುನಿಯಪ್ಪ ಪೆನ್ಸಿಲ್ ತೆಗೆದು ಮೇಜಿನ ಮೇಲೇ ಲೆಕ್ಕ ಹಾಕಿದ. ಒಂದೂವರೆ ಇಂಚು.

ದರ್ಜಿಗಳಿಗೆ ಎಂದು ಜರೆದ ಟೇಪನ್ನೇ ಅಂದು ಸಂಜೆ ಅಂಗಡಿಯಲ್ಲಿ ಕೊಂಡ. ಇಸ್ಮಾಯಿಲನ ಮನೆಯಲ್ಲಿ ಫೋನಿರಲಿಲ್ಲ. ಮರುದಿನ ಮೊದಲ ರೈಲು ಹಿಡಿದ.

ಸೋಮವಾರ ಬರಬೇಕಿದ್ದ ಇಬ್ರಾಹಿಂ ಶನಿವಾರವೇ ಬಂದು ಹಿಂಬದಿಯ ಹಲಗೆ ಬಿಚ್ಚಿ ಕೈಗಾಡಿಗೆ ಏರಿಸಿದ್ದ.

“ನಿಲ್ಸಿ! ನಿಲ್ಸಿ ಸಾಬ್ರೇ, ಇನ್ನೊಂದು ಸಲ ಅಳೀಬೇಕು!”

“ಶವಕ್ಕೆ ಎಂತ ಅಳತೆ ಮಾರಾಯ್ರೆ? ಗುಂಡಿ ತೋಡ್ಲಿಕ್ಕಾ?” ಎಂದ ಇಸ್ಮಾಯಿಲ್.

ಆದರೂ ಟೇಪಿನ ಒಂದು ತುದಿ ಹಿಡಿದ. ಮುನಿಯಪ್ಪ ಬಗ್ಗಿ ಇನ್ನೊಂದು ತುದಿ ಓದಿದ. ನೂರಾ ಹದಿನಾಲ್ಕು. ಇಸ್ಮಾಯಿಲ್ ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಓದಿದ. ಇಬ್ರಾಹಿಮನನ್ನೂ ಕರೆದು ಓದಿಸಿದ.

“ಹಾಗಾದ್ರೆ ಮೊದಲು ಅಳೆದದ್ದು?”

“ನನ್ನ ಸ್ಕೇಲು ಬೇರೆ ಕೆಲಸದ್ದು. ಅಭ್ಯಾಸಬಲ, ಕೈ ತಾನಾಗೇ ಅದನ್ನ ಎತ್ಕೊಂಡಿತು. ತಪ್ಪು ನಂದೇ.”

“ದೊಡ್ಡ ರಾಕೆಟ್ ಮಾಡುವವರು!” ಎಂದ ಇಸ್ಮಾಯಿಲ್. “ಎರಡು ದಿನ ತಡ ಆಗಿದ್ರೆ ನನ್ನ ಗಾಡಿಯಲ್ಲಿ ಇಬ್ರಾಹಿಂ ಚಹಾ ಕಾಯಿಸ್ತಿದ್ದ.” ಹೇಳುತ್ತಲೇ ಕೈಗಾಡಿಯಿಂದ ಹಲಗೆ ಎಳೆದ. ಇಬ್ರಾಹಿಂ ಅಷ್ಟು ಹೊತ್ತು ಬಿಚ್ಚಿದ ಕೂಲಿ ಕೇಳಿದ, ಬೈಗುಳ ಸಿಕ್ಕಿತು.

ಉಳಿದದ್ದು ನಾಲ್ಕು ವಾರ. ಅಂಚೆ ನಂಬುವಂತಿರಲಿಲ್ಲ. ತಂಪಾನೂರಿನ ಬೂತಿನಿಂದ ಫ್ಯಾಕ್ಸ್ ಕಳಿಸುವುದೆಂದಾಯಿತು.

“ಟೈಪು ಮಾಡುವಾಗ ನನ್ನಿಂದ ಅಂಕಿ ತಪ್ಪಾಯ್ತು ಅಂತ ಬರೀಲಾ?” ಎಂದಳು ಹಂಸಾ. “ಅವರೇನು ಇಲ್ಲಿಗೆ ಬಂದು ನೋಡ್ತಾರಾ?”

“ಬೇಡ ಕಣಮ್ಮ. ಆದದ್ದು ಆದಂಗೆ ಬರಿ. ಅವರಿಗೂ ಒಂದು ನಗು ಸಿಗ್ಲಿ.”

ಸಿಕ್ಕಿತೆಂದು ಕಾಣುತ್ತದೆ. ಹನ್ನೆರಡನೇ ದಿನ ಬಂದ ಉತ್ತರದ ಮೊದಲ ಸಾಲೇ, ನಿಮ್ಮ ಸ್ಕೇಲಿನ ಕಥೆಯನ್ನು ಸಂಘದ ಸಭೆಯಲ್ಲಿ ಓದಿದೆವು ಎಂದಿತ್ತು. ಕೆಳಗೆ ಪ್ರಮಾಣಪತ್ರ: ಕೆನಡಾದಲ್ಲಿ ಕಟ್ಟಿದ ಸೇನಾ ಸ್ಟೇಷನ್ ವ್ಯಾಗನ್, 1942.

ಸಾರಿಗೆ ಕಚೇರಿಗೆ ಹೋಗುವಾಗ ಮುನಿಯಪ್ಪ ಎರಡೂ ಪತ್ರಗಳನ್ನು ಕಡತಕ್ಕೆ ಸೇರಿಸಿದ. ಇಲ್ಲ ಎಂದ ಪತ್ರವನ್ನು ಹರಿದು ಹಾಕಿ ಎಂದು ಇಸ್ಮಾಯಿಲ್ ಗೋಗರೆದರೂ ಕೇಳಲಿಲ್ಲ. ಇನ್‌ಸ್ಪೆಕ್ಟರ್ ಸಹಜವಾಗಿಯೇ ಅದರ ಮೇಲೆ ಬೆರಳಿಟ್ಟು, ಒಂದೇ ಗಾಡಿಗೆ ಎರಡು ಅಳತೆ ಹೇಗೆ ಎಂದು ಮಲಯಾಳದಲ್ಲಿ ಕೇಳಿದ. ಇಸ್ಮಾಯಿಲ್ ಮುನಿಯಪ್ಪನನ್ನು ದುರುಗುಟ್ಟಿ ನೋಡಿದ. ಮುನಿಯಪ್ಪ ತನ್ನ ಸ್ಕೇಲನ್ನೂ ಕಚೇರಿಯ ಸ್ಕೇಲನ್ನೂ ಮೇಜಿನ ಮೇಲೆ ಒತ್ತೊತ್ತಾಗಿ ಇಟ್ಟ. ಮೊದಲ ಇಂಚಿನಲ್ಲಿ ಗೆರೆಗಳು ಜೋಡಿಯಾಗಿದ್ದವು; ಹನ್ನೆರಡನೆಯದಕ್ಕೆ ಬರುವ ಹೊತ್ತಿಗೆ ಒಂದು ಮುಂದೆ, ಒಂದು ಹಿಂದೆ. ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿ ಬಗ್ಗಿದ, ಪಕ್ಕದ ಗುಮಾಸ್ತರನ್ನೂ ಕರೆದು ತೋರಿಸಿದ. ಆಮೇಲೆ ಹೊರಗೆ ಹೋಗಿ ಗಾಡಿಯನ್ನು ತಾನೇ ಅಳೆದ. ಒಳಗೆ ಬಂದು ದೇಶದ ಜಾಗದಲ್ಲಿ ಕೆನಡಾ ಎಂದು ಬರೆದು ಐದು ವರ್ಷಕ್ಕೆ ಮೊಹರು ಒತ್ತಿದ.

ಇಸ್ಮಾಯಿಲ್ ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಕಾದ. ಮುನಿಯಪ್ಪ ಹತ್ತಲಿಲ್ಲ. ಹಿಂದಿನ ಬಾಗಿಲ ಬಳಿ ಬಗ್ಗಿ ಏನನ್ನೋ ಕೆರೆಯುತ್ತಿದ್ದ.

“ಸಾಬ್ರೇ, ಮರದ ಸಂದಿಗೆ ಇಲ್ಲೊಂದು ಅಂಟು ಹಾಕವ್ರೆ. ಐವತ್ತು ವರ್ಷ ಆದ್ರೂ ಬಿಟ್ಟಿಲ್ಲ. ಯಾವ ಅಂಟಿರಬೌದು?”

“ಅದಕ್ಕೂ ಕೆನಡಾಕ್ಕೆ ಕಾಗದ ಬರೀರಿ,” ಎಂದು ಇಸ್ಮಾಯಿಲ್ ಗೇರು ಹಾಕಿದ. “ಆದ್ರೆ ನೆಕ್ಬೇಡಿ. ಈಗ ಹತ್ತಿ. ಮೂರು ಗಂಟೆಗೆ ಶಾಲೆ ಬಿಡ್ತದೆ.”